ಬೆವರುತ್ತಿದ್ದ ಪೆಟ್ಟಿಗೆ

ಬ್ಯಾಡಗಿಯಲ್ಲಿ ಕರೆಂಟಿನ ಪೆಟ್ಟಿಗೆಯ ಬಾಗಿಲು ತೆಗೆಯುವ ಮುಂಚೆ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು. ಒಳಗೆ ಕೂತ ಮೆಣಸಿನಕಾಯಿ ದೂಳು ಬಾಗಿಲ ಜತೆಗೇ ಹಾರಿ ಮೂಗಿಗೆ ಬಡಿಯುತ್ತದೆ. ಸೀನು ಶುರುವಾದರೆ ಕೈಯಲ್ಲಿದ್ದ ಸ್ಕ್ರೂ ಎಲ್ಲಿ ಬಿತ್ತು ಎಂದು ಹುಡುಕುವುದೇ ಒಂದು ಕೆಲಸ. ಹಾಗಾಗಿ ಆ ಮಳೆಗಾಲದ ಬೆಳಿಗ್ಗೆ ಕೋಲ್ಡ್ ಸ್ಟೋರೇಜಿನ ಹಿಂಗೋಡೆಗೆ ಹಾಕಿದ ಪೆಟ್ಟಿಗೆಯನ್ನು ರೂಢಿಯಂತೆ ಮುಖ ತಿರುಗಿಸಿಕೊಂಡೇ ತೆಗೆದೆ. ಸೀನು ಬರಲಿಲ್ಲ. ತಿರುಗಿ ನೋಡಿದರೆ ದೂಳೆಲ್ಲ ನೆನೆದು ಕೆಂಪು ರಾಡಿಯಾಗಿ ವೈರು ಜೋಡಿಸುವ ಜಾಗದ ತುಂಬ ಅಂಟಿಕೊಂಡಿತ್ತು. ಬಾಗಿಲಿನ ಒಳಮೈ ಮೇಲೆ ಹನಿಗಳು ಸಾಲುಗಟ್ಟಿ ನಿಂತಿದ್ದವು.

ಆ ಪೆಟ್ಟಿಗೆ ನಾನೇ ಮಾಡಿಕೊಟ್ಟದ್ದು. ರಾಣೇಬೆನ್ನೂರಿನ ನನ್ನ ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸಿ, ಬಣ್ಣ ಹೊಡೆಸಿ, ಬಾಗಿಲ ಸುತ್ತ ರಬ್ಬರ್ ಪಟ್ಟಿ ಕೂರಿಸಿ, ಬೇಸಿಗೆಯಲ್ಲಿ ತಂದು ಗೋಡೆಗೆ ಬಿಗಿದಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. ಹೆದ್ದಾರಿ ನಾಲ್ಕು ಪಥವಾಗುತ್ತಿತ್ತು, ಬ್ಯಾಡಗಿಯ ಸುತ್ತ ಒಂದರ ಹಿಂದೊಂದು ಕೋಲ್ಡ್ ಸ್ಟೋರೇಜ್ ಏಳುತ್ತಿದ್ದವು. ಇದರ ಮಾಲೀಕರು ಮಾರುಕಟ್ಟೆಯಲ್ಲಿ ಹಳೆಯ ದಲಾಲಿ ಅಂಗಡಿಯವರು. ಊರೆಲ್ಲ ಅವರನ್ನು ಸಾವಕಾರ್ರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅದು ಅವರ ಸ್ಟೋರೇಜಿನ ಮೊದಲ ಹಂಗಾಮು. ರೇಟು ಬಿದ್ದಾಗ ಮಾರಬೇಡಿ, ಥಂಡಿಯಲ್ಲಿಟ್ಟು ದಸರೆಯ ಹೊತ್ತಿಗೆ ತೆಗೆಯಿರಿ ಎಂದು ಒಬ್ಬೊಬ್ಬ ರೈತರನ್ನೇ ಒಪ್ಪಿಸಿ ಚೀಲ ಇಳಿಸಿಕೊಂಡಿದ್ದರು. ಬಿಸಿಲಲ್ಲಿ ಒಣಗಿದ ಮಾಲನ್ನು ಥಂಡಿಯಲ್ಲಿ ಇಡುವುದೆಂದರೆ ರೈತರಿಗೆ ಇನ್ನೂ ಅನುಮಾನವೇ. ಆ ವರ್ಷ ಮಾಲು ಕೆಟ್ಟಿತೆಂದರೆ ಮುಂದಿನ ವರ್ಷ ಯಾರೂ ಆ ಬಾಗಿಲಿಗೆ ಬರುತ್ತಿರಲಿಲ್ಲ.

ಪೆಟ್ಟಿಗೆಯ ಕೆಲಸ ಇಷ್ಟೇ. ಥಂಡಿ ಮಾಡುವ ಯಂತ್ರದ ಕೋಣೆಯಿಂದ ಅಂಗಳದಡಿ ಪೈಪಿನಲ್ಲಿ ಬಂದ ಕೇಬಲ್ ಕೆಳಗಿನಿಂದ ಒಳಗೆ ಬರುತ್ತದೆ. ಅಲ್ಲಿಂದ ವೈರುಗಳು ಇನ್ನೊಂದು ಕಬ್ಬಿಣದ ಪೈಪಿನಲ್ಲಿ ಮೇಲೆ ಹತ್ತಿ, ಗೋಡೆ ದಾಟಿ, ಥಂಡಿ ಕೋಣೆಯ ಫ್ಯಾನುಗಳಿಗೆ ಹೋಗುತ್ತವೆ. ಆ ಫ್ಯಾನುಗಳು ನಿಂತರೆ ಯಂತ್ರ ಎಷ್ಟು ಓಡಿದರೂ ಥಂಡಿ ಚೀಲಗಳವರೆಗೆ ಹೋಗುವುದಿಲ್ಲ. ಈಗ ದಿನಾ ಬೆಳಕು ಹರಿಯುವ ಹೊತ್ತಿಗೆ, ಕರೆಂಟ್ ಸೋರಿದರೆ ತಾನಾಗಿ ಬೀಳುವ ಬ್ರೇಕರ್ ಬಿದ್ದು ಫ್ಯಾನುಗಳು ನಿಲ್ಲುತ್ತಿದ್ದವು. ಯಂತ್ರ ನೋಡಿಕೊಳ್ಳುವ ಆಪರೇಟರ್ ಕಾಗಿನೆಲೆಯವನು, ಬಲು ಸಾವಧಾನದ ಮನುಷ್ಯ. ಅವನೇ ಫೋನ್ ಮಾಡಿ ಕರೆಸಿದ್ದ.

“ಅಣ್ಣಾರ, ನಿಮ್ಮ ಪೆಟ್ಟಿಗಿ ಬೆವರಾಕತ್ತೈತ್ರಿ. ದಿನಾ ಮುಂಜಾನೆ ಅರಿವಿಲೆ ಒರಸಿ ಒರಸಿ ಸಾಕಾಗೈತಿ,” ಎಂದಿದ್ದ.

“ಪೆಟ್ಟಿಗಿ ಎಲ್ಲೆರ ಬೆವರ್ತೈತೇನೋ? ಮಳಿನೀರ ಹೊಕ್ಕಿರಬೇಕು. ಬಾಗಲಾ ನೆಟ್ಟಗ ಹಾಕೀಯಿಲ್ಲೋ?” ಎಂದು ನಾನು ಫೋನಿನಲ್ಲೇ ಅವನನ್ನು ದಬಾಯಿಸಿದ್ದೆ. ನನ್ನ ಪೆಟ್ಟಿಗೆಯ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ರಾಡಿಯನ್ನೆಲ್ಲ ಕೆರೆದು ಒರೆಸಿ, ಬಿಸಿಗಾಳಿ ಹಾಕಿ ಒಣಗಿಸಿದೆ. ಆಮೇಲೆ ಬಾಗಿಲು ಮುಚ್ಚಿ ಆಪರೇಟರ್ ಕೈಯಲ್ಲಿ ಕೊಡಗಟ್ಟಲೆ ನೀರು ಎರಚಿಸಿದೆ. ತೆಗೆದು ನೋಡಿದರೆ ಒಂದು ಹನಿಯೂ ಒಳಗೆ ಬಂದಿರಲಿಲ್ಲ. ನನಗೆ ಹೆಮ್ಮೆಯೂ ಆಯಿತು, ತಲೆಯೂ ಕೆಟ್ಟಿತು. ಆದರೂ ಇರಲಿ ಎಂದು ಸಂದಿಗೆ ಅಂಟು ತುಂಬುವ ಸಿಲಿಕಾನ್ ಗನ್ ಹಿಡಿದು ಕೂತೆ. ಸ್ಕ್ರೂ ತಲೆ, ಕೀಲಿಯ ಸಂದಿ, ಕೇಬಲ್ ಒಳಹೋಗುವ ಕಡೆ, ತಳದಲ್ಲಿ ಬೆಸುಗೆ ಬಿಟ್ಟ ಸಣ್ಣ ಸೀಳು, ಏನೊಂದೂ ಬಿಡಲಿಲ್ಲ. ಇರುವೆಗೂ ದಾರಿ ಇಲ್ಲದಂತೆ ಮುಚ್ಚಿ, ಮೋಟೆಬೆನ್ನೂರು ದಾರಿ ಹಿಡಿದು ಊರಿಗೆ ಬಂದೆ. ಮರುದಿನ ಬ್ರೇಕರ್ ಇನ್ನೂ ಬೇಗ ಬಿತ್ತು. ಮೊದಲು ಆ ಸೀಳಿನಲ್ಲಿ ಒಂದಿಷ್ಟು ನೀರಾದರೂ ಇಳಿದುಹೋಗುತ್ತಿತ್ತಂತೆ, ಈಗ ತಳದಲ್ಲೇ ನಿಂತಿದೆ ಎಂದ ಆಪರೇಟರ್. ಅವನ ದನಿಯಲ್ಲಿ ಕೊಂಕಿರಲಿಲ್ಲ, ಅದೇ ನನಗೆ ಇನ್ನಷ್ಟು ಚುಚ್ಚಿತು.

ಎರಡನೆಯ ಪ್ರಯತ್ನಕ್ಕೆ ನಮ್ಮವರೆಲ್ಲ ಮಾಡುವ ಉಪಾಯ ಮಾಡಿದೆ. ಪೆಟ್ಟಿಗೆಯೊಳಗೆ ಒಂದು ಗುಂಡುಬಲ್ಬು ಹಾಕಿ ಹಗಲೂ ರಾತ್ರಿ ಉರಿಯಲು ಬಿಟ್ಟೆ. ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಲೆಕ್ಕ ಸರಿಯೇ ಇತ್ತು, ಒಂದೆರಡು ದಿನ ನಡೆಯಿತು ಕೂಡ. ಆಮೇಲೆ ಮೇಲಿನ ಪೈಪಿನ ಬಾಯಿಂದ ತಣ್ಣನೆಯ ಹನಿಯೊಂದು ಕಾದ ಗಾಜಿನ ಮೇಲೆ ಬಿದ್ದು ಬಲ್ಬು ಠಪ್ ಎಂದು ಒಡೆಯಿತು. ಗಾಜಿನ ಚೂರೆಲ್ಲ ಒಳಗೆ ಹರಡಿ, ಹೋಲ್ಡರಿಗೆ ನೀರು ಇಳಿದು, ಬ್ರೇಕರ್ ಮತ್ತೆ ಬಿತ್ತು. ಹನಿ ಮೇಲಿನಿಂದ ಏಕೆ ಬಿತ್ತು ಎಂದು ಆವತ್ತೇ ಕೇಳಿಕೊಳ್ಳಬೇಕಿತ್ತು. ಗಾಜು ಆರಿಸುವ ಸಿಟ್ಟಿನಲ್ಲಿ ಅದು ತಲೆಗೆ ಹೊಳೆಯಲಿಲ್ಲ.

ಮೂರನೆಯ ಉಪಾಯ ಸಾವಕಾರ್ರದು. ಬ್ಯಾಡಗಿಯಲ್ಲಿ ಬೆಲೆಬಾಳುವ ಯಾವ ವಸ್ತುವಿಗೂ ಹೊತ್ತು ಮುಳುಗುವಾಗ ತಾಡಪತ್ರಿ, ಅಂದರೆ ಟಾರ್ಪಾಲು, ಹೊದಿಸುವುದು ರೂಢಿ. ಮೆಣಸಿನಕಾಯಿ ರಾಶಿಯಿಂದ ಶುರುವಾದ ಈ ರೂಢಿ ಸ್ಕೂಟರ್, ತಕ್ಕಡಿ, ಅಂಗಡಿ ಮುಂದಿನ ಮಂಚದವರೆಗೂ ಹಬ್ಬಿದೆ. ನಾನು ಊರಿಗೆ ಹೋದ ಸಂಜೆ ಅವರು ಆಳುಗಳನ್ನು ನಿಲ್ಲಿಸಿ ನನ್ನ ಪೆಟ್ಟಿಗೆಗೆ ಎರಡು ಪದರು ತಾಡಪತ್ರಿ ಸುತ್ತಿಸಿ, ಹಗ್ಗ ಬಿಗಿದು, ನೆಲಕ್ಕೆ ಮುಟ್ಟಿದ ಅಂಚಿನ ಮೇಲೆ ಉಸುಕಿನ ಚೀಲ ಇಡಿಸಿದ್ದರು. ಕೂಸಿಗೆ ಕುಲಾವಿ ಕಟ್ಟಿದಷ್ಟು ಅಕ್ಕರೆಯಿಂದ ಮಾಡಿದ ಕೆಲಸ ಅದು. ಆ ದಿನ ಕತ್ತಲಾಗುತ್ತಿದ್ದಂತೆಯೇ ಫ್ಯಾನುಗಳು ನಿಂತವು.

ಮರುದಿನ ನಾನು ಹೋದಾಗ ಆಫೀಸಿನ ಮುಂದೆ ಹಲಗೇರಿಯ ರೈತ ಮಹಿಳೆಯೊಬ್ಬರು ಕೂತಿದ್ದರು. ನನಗಿಂತ ಹಿರಿಯರು, ತಂಗಿಯ ಜತೆ ಸೇರಿ ತಾವೇ ಹೊಲ ಮಾಡುವವರು. ಥಂಡಿಯಲ್ಲಿಡಬೇಡ ಎಂದು ಮೈದುನರೆಲ್ಲ ಹೇಳಿದರೂ ಕೇಳದೆ ಆ ವರ್ಷದ ಅಷ್ಟೂ ಬೆಳೆಯನ್ನು ಇಲ್ಲಿ ತಂದಿಟ್ಟಿದ್ದರು. ಮಾರುಕಟ್ಟೆಗೆ ಬಂದಾಗಲೆಲ್ಲ ಸ್ಟೋರೇಜಿಗೆ ಬಂದು, ತಮ್ಮ ಚೀಲದಿಂದ ಒಂದು ಕಾಯಿ ತರಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅವರ ಪದ್ಧತಿ. ಆ ದಿನ ಅಲ್ಲಾಡಿಸಿದವರು ಇನ್ನೊಂದು ಕಾಯಿ ತರಿಸಿದರು.

“ಬೀಜ ಸಪ್ಪಳಾ ಮಾಡವಲ್ವು. ಕಾಯಿ ಮೆತ್ತಗಾಗ್ಯಾವ್ರಿ,” ಎಂದರು. “ಯಾರ ಮಾತೂ ಕೇಳದ ತಂದಿಟ್ಟೇನಿ ನಾನು. ಬಣ್ಣ ಹೋತಂದ್ರ ಮನ್ಯಾಗ ನನ್ನ ತಂಗಿ ಮಾರಿ ಹೆಂಗ ನೋಡ್ಲಿ?”

ಸಾವಕಾರ್ರು ತಲೆ ತಗ್ಗಿಸಿದರು. ಅಲ್ಲಿಯವರೆಗೆ ಅದು ನನ್ನ ಪೆಟ್ಟಿಗೆಯ ಮಾನದ ಪ್ರಶ್ನೆಯಾಗಿತ್ತು. ಆ ಹೆಣ್ಣುಮಗಳ ಕೈಯಲ್ಲಿದ್ದ ಕಾಯಿ ನೋಡಿದ ಮೇಲೆ ಪೆಟ್ಟಿಗೆ ಹಾಳಾಗಿ ಹೋಗಲಿ, ಆ ಫ್ಯಾನು ಮಾತ್ರ ನಿಲ್ಲಬಾರದು ಅನ್ನಿಸಿತು.

ಮಾರನೆಯ ದಿನ ಮೊದಲ ಬಸ್ಸಿಗೆ ಹೋದೆ. ಈ ಸಲ ಗನ್ನೂ ಇಲ್ಲ, ಬಲ್ಬೂ ಇಲ್ಲ, ಬರಿಗೈ. ತಾಡಪತ್ರಿ ಬಿಚ್ಚಿಸಿ, ಬಾಗಿಲು ತೆಗೆಯದೆ, ಪೆಟ್ಟಿಗೆಯ ಮೈಯನ್ನು ಅಂಗೈಯಿಂದ ಸವರುತ್ತ ಹೋದೆ. ತಳ ಬೆಚ್ಚಗಿತ್ತು. ಮೇಲೆ ಹೋದಂತೆ ತಣ್ಣಗಾಯಿತು. ಮೇಲಿನ ಪೈಪ್ ಸೇರುವ ಮೂಲೆಯಂತೂ ನೀರು ತುಂಬಿದ ಮಣ್ಣಿನ ಕೊಡದ ಹಾಗೆ ಕೊರೆಯುತ್ತಿತ್ತು. ಪೈಪಿನ ಹೊರಮೈ ಮೇಲೂ ಹನಿ. ಮಳೆಯದೆಂದು ಇಷ್ಟು ದಿನ ಅದನ್ನು ನೋಡಿಯೂ ನೋಡದಂತೆ ಇದ್ದೆವು, ಆದರೆ ಹಿಂದಿನ ರಾತ್ರಿ ಮಳೆಯೇ ಬಿದ್ದಿರಲಿಲ್ಲ.

ಯಂತ್ರದ ಕೋಣೆಯಲ್ಲಿ ಆಪರೇಟರ್ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. “ಒಂದ ಇಲ್ಲಿ ಕೊಡೋ,” ಎಂದು ಇಸಿದುಕೊಂಡು ಬಂದು, ಪೆಟ್ಟಿಗೆ ತೆಗೆದು, ಮೇಲಿನ ಪೈಪಿನ ಬಾಯಿಗೆ ಹಿಡಿದೆ. ಹೊಗೆ ಮೇಲೇರಬೇಕಾದ್ದು ಕೆಳಕ್ಕೆ ಬಾಗಿ ಹರಿಯಿತು. ಥಂಡಿ ಕೋಣೆಯ ಗಾಳಿ ಭಾರ. ಫ್ಯಾನುಗಳ ಒತ್ತಡವೂ ಸೇರಿ ಅದು ವೈರುಗಳ ಸಂದಿಯಲ್ಲಿ ನುಸುಳಿ, ಪೈಪಿನೊಳಗೆ ಇಳಿದು, ನೇರ ನನ್ನ ಪೆಟ್ಟಿಗೆಗೆ ಸುರಿಯುತ್ತಿತ್ತು. ಆಮೇಲೆ ಆಪರೇಟರ್ ತಲೆ ಬಾಚುವ ಕನ್ನಡಿ ತರಿಸಿ, ಅಂಗಳದಿಂದ ಬರುವ ಕೆಳಗಿನ ಪೈಪಿನ ಬಾಯಿ ಮೇಲಿಟ್ಟೆ. ಚಹಾ ಕುಡಿಯುವಷ್ಟರಲ್ಲಿ ಕನ್ನಡಿ ಮಬ್ಬಾಯಿತು. ಲಾರಿಗಳ ಭಾರಕ್ಕೆ ಅಂಗಳದ ನಡುವೆ ಪೈಪ್ ಕುಸಿದು ಅದರಲ್ಲಿ ನೀರು ನಿಂತಿದೆ ಎಂದು ಊಹಿಸಲು ಕಷ್ಟವಾಗಲಿಲ್ಲ. ಮೇಲಿನಿಂದ ಥಂಡಿ, ಕೆಳಗಿನಿಂದ ತೇವದ ಗಾಳಿ, ಎರಡಕ್ಕೂ ಬಂದು ಕೂಡಲು ನನ್ನ ಪೆಟ್ಟಿಗೆಯೇ ಬೀಗರ ಮನೆಯಾಗಿತ್ತು. ಹೊರಗಿನ ನೀರು ಬರಬಾರದೆಂದು ನಾವು ಮುಚ್ಚಿದಷ್ಟೂ ಒಳಗೆ ಹುಟ್ಟಿದ ನೀರಿಗೆ ಹೋಗಲು ದಾರಿ ಇರಲಿಲ್ಲ.

ಸಾವಕಾರ್ರ ಮುಂದೆ ಕೂತು ಹೇಳಿದೆ. ಒಂದು ಹಗಲು ಪೂರ್ತಿ ಫ್ಯಾನು ನಿಲ್ಲಿಸಬೇಕು. ಎರಡೂ ಪೈಪಿನ ಬಾಯಿ ಮುಚ್ಚಬೇಕು. ಪೆಟ್ಟಿಗೆಯ ತಳಕ್ಕೆ ತೂತು ಕೊರೆಯಬೇಕು, ಎರಡು ಮಗ್ಗುಲಿಗೆ ಗಾಳಿಗಿಂಡಿ ಬಿಡಬೇಕು. ಅವರು ನನ್ನನ್ನು ಹುಚ್ಚನ ಹಾಗೆ ನೋಡಿದರು.

“ನೀರ ಬರತೈತಿ ಅಂತ ಕರಿಸಿದ್ರ ಹೊಸಾ ಪೆಟ್ಟಿಗಿಗೆ ತೂತ ಹೊಡೀತೇನಿ ಅಂತೀಯಲ್ಲೋ ತಮ್ಮಾ. ಮ್ಯಾಲ ಫ್ಯಾನ ಬ್ಯಾರೆ ಬಂದ್ ಮಾಡು ಅಂತಿ. ಮೊದ್ಲ ಮಾಲ ಮೆತ್ತಗಾಗೈತಿ.”

ನನಗೆ ಸಿಟ್ಟು ಬಂದಿತ್ತು, ಆದರೆ ಆ ಮನುಷ್ಯನ ಕಣ್ಣಲ್ಲಿ ನಿದ್ದೆಯೇ ಇರಲಿಲ್ಲ. ಗೋಡೆಯ ಪಕ್ಕ ಮಡಚಿಟ್ಟ ತಾಡಪತ್ರಿ ಕಂಡಿತು. ಅದನ್ನೇ ತೋರಿಸಿ ಕೇಳಿದೆ.

“ಸಾವಕಾರ್ರ, ಸಂಜಿಗೆ ರಾಶಿ ಮ್ಯಾಲ ತಾಡಪತ್ರಿ ಹೊಚ್ಚತೀರಿ. ಮುಂಜಾನೆ ತಗೀದ ಹಂಗ ಬಿಟ್ರ ಏನಾಕ್ಕೈತ್ರಿ?”

“ಏನಾಕ್ಕೈತಿ, ಒಳಗ ಬೆವತು ಕಾಯಿಗೆ ಕಲಿ ಬೀಳತೈತಿ. ಅದನ್ನ ನನಗ ಹೇಳ್ಕೊಡಾಕ ಬಂದೀಯೇನು?”

“ಮಳಿ ಬಿದ್ದಿರತೈತೇನ್ರಿ?”

“ಮಳಿ ಯಾಕ ಬೇಕೋ, ನೆಲದ ಹಬಿ ಸಾಕು, ತಾನ…” ಎಂದವರು ಅಲ್ಲಿಗೇ ನಿಲ್ಲಿಸಿದರು. ಪೆಟ್ಟಿಗೆಯ ಕಡೆ ನೋಡಿದರು, ಮಡಚಿಟ್ಟ ತಾಡಪತ್ರಿಯ ಕಡೆ ನೋಡಿದರು. ಆಮೇಲೆ, “ಯಾವತ್ತ ಬಂದ್ ಮಾಡೂನು?” ಎಂದರು.

ಪೈಪಿನ ಬಾಯಿ ಮುಚ್ಚುವ ವಸ್ತು ಸಿಗುವುದೇ ದೊಡ್ಡ ಪಾಡಾಯಿತು. ಗೋಣಿ ಚೂರು ತುರುಕಿದರೆ ಸಾಕೆಂದ ಅಂಗಡಿಯವರೂ ಇದ್ದರು. ಬ್ಯಾಡಗಿಯಲ್ಲಿ ಯಾವ ತೂತು ಕಂಡರೂ ಗೋಣಿ ತುರುಕುವ ಚಾಳಿ, ಆದರೆ ಗೋಣಿ ದೀಪದ ಬತ್ತಿಯ ಹಾಗೆ ನೀರು ಹೀರಿ ಒಳಗೆ ತರುತ್ತದೆ. ಸಿಮೆಂಟು ಹಾಕಿದರೆ ಮುಂದೆ ವೈರು ಎಳೆಯಲಾಗುವುದಿಲ್ಲ. ಕೊನೆಗೆ ಹಾವೇರಿಯ ಒಂದು ಅಂಗಡಿಯಲ್ಲಿ, ನೆಲದಡಿಯ ಟೆಲಿಫೋನ್ ಕೇಬಲ್ ಕೆಲಸದವರು ಬಳಸುವ ಬೂದು ಬಣ್ಣದ ಪುಟ್ಟಿ ಸಿಕ್ಕಿತು. ಎಂದಿಗೂ ಗಟ್ಟಿಯಾಗದ, ನಾದಿದ ಹಿಟ್ಟಿನಂತೆ ಬೆರಳಿಗೆ ಬಗ್ಗುವ ಪುಟ್ಟಿ. ಇದ್ದಷ್ಟನ್ನೂ ಕಟ್ಟಿಸಿಕೊಂಡು ಬಂದೆ.

ಕೆಲಸದ ಹಿಂದಿನ ದಿನವೇ ಆಪರೇಟರ್‌ಗೆ ಹೇಳಿ ಕೋಣೆಯನ್ನು ಎಂದಿಗಿಂತ ಹೆಚ್ಚು ತಣ್ಣಗೆ ಮಾಡಿಸಿದ್ದೆ. ಬಾಗಿಲು ತೆರೆಯದಿದ್ದರೆ ಆ ಥಂಡಿ ಒಂದು ಹಗಲು ತಡೆಯುತ್ತದೆ ಎಂಬ ಲೆಕ್ಕ. ಬೆಳಿಗ್ಗೆ ಕರೆಂಟ್ ತೆಗೆದು ಇನ್ನೇನು ಪೈಪಿಗೆ ಕೈ ಹಾಕಬೇಕು, ಅಷ್ಟರಲ್ಲಿ ಹಲಗೇರಿಯ ಅಕ್ಕ ಟೆಂಪೋ ತೆಗೆದುಕೊಂಡು ಬಂದಿಳಿದರು. ಆ ದಿನ ಮಾರುಕಟ್ಟೆಯಲ್ಲಿ ಟೆಂಡರ್, ವ್ಯಾಪಾರಿಗಳು ರಾಶಿ ನೋಡಿ ರೇಟು ಬರೆದುಕೊಡುವ ದಿನ. ಮಾಲು ಪೂರ್ತಿ ಕೆಡುವ ಮುಂಚೆ ಅಷ್ಟೂ ಚೀಲ ತೆಗೆದು ಬಂದ ರೇಟಿಗೆ ಕೊಟ್ಟುಬಿಡುವುದೆಂದು ನಿಶ್ಚಯಿಸಿ ಬಂದಿದ್ದರು. ಸಾವಕಾರ್ರ ಕೈ ಕೀಲಿಕೈಗೆ ಹೋಯಿತು.

ಅಕ್ಕ ನನ್ನ ಕಡೆ ತಿರುಗಿದರು. “ನೀವ ಹೇಳ್ರಿ. ಇವತ್ತ ಬಾಗಲಾ ತಗದ್ರ ಏನಾಕ್ಕೈತಿ?”

ಮುಚ್ಚುಮರೆ ಮಾಡಲಿಲ್ಲ. “ಅಕ್ಕಾರ, ಅಷ್ಟೂ ಚೀಲ ತಗಿಯೋ ತನಕಾ ಬಾಗಲಾ ತೆರದ ಇಡಬೇಕಾಕ್ಕೈತ್ರಿ. ಫ್ಯಾನ ಬಂದ್ ಅದಾವು. ಹೊರಗಿನ ಹಸಿ ಗಾಳಿ ಒಳಗ ಹೊಕ್ಕು ಉಳಿದವರ ಚೀಲ ಎಲ್ಲಾ ಬೆವರ್ತಾವು. ನಿಮ್ಮವು ಹೊರಗ ಬಂದ ಕೂಡ್ಲೇ ಬೆವರ್ತಾವು. ಹಸಿ ಮಾಲ ಅಂತ ರೇಟ ಇಳಸ್ತಾರು. ಇವತ್ತ ಒಂದಿನ ಮುಚ್ಚಿಟ್ರ ನಾ ಇದನ್ನ ಸರಿ ಮಾಡ್ತೇನಿ.”

“ಮಾಡ್ತೀರಿ? ಖರೇ?”

“ಖರೇನ್ರಿ.” ಅಂದುಬಿಟ್ಟೆ.

ಅವರು ಟೆಂಪೋದವನಿಗೆ ಹೋಗಲು ಕೈಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯ ಎದುರಿಗಿದ್ದ ಕಲ್ಲಿನ ಮೇಲೆ ಕೂತರು. “ಮುಚ್ಚೇ ಇರ್ಲಿ ಬಿಡ್ರಿ. ಆದ್ರ ನಾ ಇಲ್ಲೆ ಕುಂತ ನೋಡಾಕಿ,” ಎಂದರು. ಅಂಥ ಮೇಲ್ವಿಚಾರಕಿ ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಏಣಿ ಹತ್ತಿ, ಗೋಡೆ ದಾಟುವ ಜಾಗದಲ್ಲಿ ಮೇಲಿನ ಪೈಪ್ ಬಿಚ್ಚಿದೆ. ಒಂದೊಂದೇ ವೈರು ಬೇರೆ ಮಾಡಿ, ನಡುವೆ ಪುಟ್ಟಿ ಒತ್ತಿ, ಮತ್ತೆ ಸುತ್ತಲೂ ತುಂಬಿ, ಊದುಬತ್ತಿ ಹಿಡಿದು ನೋಡಿದೆ. ಒಂದು ಕಡೆ ಹೊಗೆ ಅಲುಗಿತು, ಅಲ್ಲಿ ಮತ್ತೆ ಒತ್ತಿದೆ. ಹೊಗೆ ನೆಟ್ಟಗೆ ಮೇಲೇರುವವರೆಗೆ ಇಳಿಯಲಿಲ್ಲ. ಈ ಕಡೆ ಅಂಗಳದ ಪೈಪಿಗೆ ಆಪರೇಟರ್ ಗಾಳಿಯ ಒತ್ತಡ ಬಿಟ್ಟಾಗ ಕೆಂಪು ನೀರು ಬುಳಬುಳ ಎಂದು ಬಂತು. ಕುಸಿದ ಜಾಗ ಅಗೆದು, ಅಲ್ಲಿ ಕೆಳಕ್ಕೆ ಬಾಯಿರುವ ಮೂರು ಕವಲಿನ ಪೈಪು ಜೋಡಿಸಿ, ಅದರ ಕೆಳಗೆ ಜಲ್ಲಿಕಲ್ಲು ತುಂಬಿದ ಗುಂಡಿ ಮಾಡಿದೆವು. ಮುಂದೆ ನೀರು ಬಂದರೂ ಅಲ್ಲೇ ಇಂಗಲಿ ಎಂದು. ಪೆಟ್ಟಿಗೆಯ ಕಡೆಯ ಬಾಯಿಗೂ ಪುಟ್ಟಿ ಬಿತ್ತು.

ಕೊನೆಗೆ ಡ್ರಿಲ್ ಕೈಗೆತ್ತಿಕೊಂಡೆ. ನಾನೇ ಬಣ್ಣ ಹೊಡೆಸಿ ತಂದ ಪೆಟ್ಟಿಗೆಯ ತಳಕ್ಕೆ ಅದರ ಮೊನೆ ಇಟ್ಟು, ಒಮ್ಮೆ ತೆಗೆದು, ಮತ್ತೆ ಇಟ್ಟೆ. ಸಾವಕಾರ್ರು ಬೇರೆ ಕಡೆ ನೋಡುತ್ತ ನಿಂತರು. ಕಬ್ಬಿಣದ ಚೂರು ವೈರಿನ ಮೇಲೆ ಹಾರದಂತೆ ಗ್ರೀಸ್ ಬಳಿದು, ಕೆಳಗಿನ ಮೂಲೆಗಳಲ್ಲಿ ತೂತು ಕೊರೆದೆ. ಎಡಮಗ್ಗುಲಲ್ಲಿ ಕೆಳಗೆ, ಬಲಮಗ್ಗುಲಲ್ಲಿ ಮೇಲೆ ಗಾಳಿಗಿಂಡಿ ಕತ್ತರಿಸಿ, ಹುಳ ಹೋಗದಂತೆ ಹಿತ್ತಾಳೆಯ ಸಣ್ಣ ಜಾಲರಿ ಕೂರಿಸಿದೆ. ಕೊರೆದ ಅಂಚಿಗೆಲ್ಲ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದೆ. ಇರಚಲು ಹೊಡೆಯದಂತೆ ಮೇಲೊಂದು ತಗಡಿನ ಮಾಡು ಇಳಿಬಿಟ್ಟೆ. ತಾಡಪತ್ರಿಯನ್ನು ಸಾವಕಾರ್ರು ತಾವೇ ಎತ್ತಿಕೊಂಡು ಹೋಗಿ ಗೋದಾಮಿಗೆ ಹಾಕಿದರು. ಹೊತ್ತು ಇಳಿಯುವಾಗ ಕರೆಂಟ್ ಕೊಟ್ಟೆವು. ಫ್ಯಾನುಗಳು ತಿರುಗುವ ಸದ್ದು ಕೇಳಿದ ಮೇಲೆ ಅಕ್ಕ ಎದ್ದು ಬಸ್ಸಿಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಫೋನಿನ ಮುಂದೆ ಕೂತಿದ್ದೆ. ಬಹಳ ಹೊತ್ತು ಕಾದು ನಾನೇ ಮಾಡಿದೆ. “ಏನಿಲ್ರಿ ಅಣ್ಣಾರ, ಒರಸಾಕ ಅರಿವಿ ಹಿಡಕೊಂಡ ಹೋದ್ರ ಕೆಲಸನ ಇಲ್ಲ,” ಎಂದ ಆಪರೇಟರ್. ನನ್ನ ಹೆಂಡತಿ, ಇವತ್ತಾದರೂ ನೆಟ್ಟಗೆ ನಾಷ್ಟಾ ಮಾಡುತ್ತೀರಾ ಎಂದು ಕೇಳಿದಳು. ಮಾಡಿದೆ, ಹೊಟ್ಟೆ ತುಂಬ. ಮುಂದಿನ ಮಳೆಗಳಲ್ಲೂ ಬ್ರೇಕರ್ ಬೀಳಲಿಲ್ಲ. ಮೆತ್ತಗಾದ ಕಾಯಿಗಳು ಥಂಡಿಯ ಒಣ ಗಾಳಿಯಲ್ಲಿ ಮೆಲ್ಲಗೆ ಚೇತರಿಸಿಕೊಂಡವು. ಸಾವಕಾರ್ರಂತೂ ಬಂದ ರೈತರಿಗೆಲ್ಲ ಪೆಟ್ಟಿಗೆಯ ತಳ ತೋರಿಸಿ, “ಈ ತೂತ ನೋಡ್ರಿ, ನಮ್ಮ ಮಾಲ ಕಾಯೋ ತೂತ ಇದು,” ಎಂದು ಹೇಳತೊಡಗಿದರಂತೆ. ಕೊರೆಯುವಾಗ ಬೇರೆ ಕಡೆ ನೋಡುತ್ತಿದ್ದವರು ಇವರೇ ಎಂದು ನಾನು ಯಾರಿಗೂ ಹೇಳಲಿಲ್ಲ.

ದಸರೆಯ ಮುಂಚೆ ಒಂದು ಬೆಳಿಗ್ಗೆ ಪೆಟ್ಟಿಗೆಯನ್ನೊಮ್ಮೆ ನೋಡಿ ಬರಲು ಹೋದೆ. ಅಂಗಳದಲ್ಲಿ ಹಲಗೇರಿಯ ಅಕ್ಕನ ಚೀಲಗಳು ಟೆಂಪೋ ಏರಲು ಸಾಲಾಗಿ ನಿಂತಿದ್ದವು. ಹೊರಗೆ ತಂದು ನೆರಳಲ್ಲಿ ಗಾಳಿಗೆ ಬಿಟ್ಟು, ಬೆವರು ಆರಿದ ಮೇಲೆ ಮಾರುಕಟ್ಟೆಗೆ ಒಯ್ಯುವುದು ಎಂದು ಅವರೇ ಆಳುಗಳಿಗೆ ಹೇಳುತ್ತಿದ್ದರು. ತಂಗಿಯನ್ನೂ ಕರೆತಂದಿದ್ದರು. ನನ್ನನ್ನು ಕಂಡು ಒಂದು ಕಾಯಿ ಆರಿಸಿ, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೀಜ ಗಲಗಲ ಎಂದವು. ಬಣ್ಣ ಬೇಸಿಗೆಯಲ್ಲಿ ಇಳಿಸಿದಾಗ ಇದ್ದಷ್ಟೇ ಕಡುಕೆಂಪು.

“ನಿಮ್ಮ ಪೆಟ್ಟಿಗಿನೂ ಒಮ್ಮಿ ತಗದ ತೋರಸ್ರಿ. ಒಂದ ಇಡೀ ದಿವಸ ಅದರ ಮುಂದ ಕುಂತೇನಿ ನಾನು,” ಎಂದರು.

ಬಾಗಿಲಿನ ಸ್ಕ್ರೂ ಬಿಚ್ಚಿ ಕೈಯಲ್ಲಿಟ್ಟುಕೊಂಡು ಕೀಲಿ ತೆಗೆದೆ. ಒಳಗೆ ಹನಿ ಇದೆಯೋ ಇಲ್ಲವೋ ಎಂಬ ಆತುರದಲ್ಲಿ ಇಷ್ಟು ವರ್ಷದ ರೂಢಿ ಮರೆತು ಮುಖವನ್ನು ನೇರ ಬಾಗಿಲಿಗೆ ಕೊಟ್ಟಿದ್ದೆ. ಜಾಲರಿ ದಾಟಿ ಬಂದು ಕೂತಿದ್ದ ಒಣ ದೂಳು ಒಮ್ಮೆಲೇ ಹಾರಿ ಬಡಿಯಿತು. ಸೀನಿದೆ, ಮತ್ತೆ ಸೀನಿದೆ, ಸ್ಕ್ರೂ ಕೈಜಾರಿ ಎಲ್ಲೋ ಬಿತ್ತು. ಸಾವಕಾರ್ರು ಏನಾಯಿತೆಂದು ಆಫೀಸಿನಿಂದ ಓಡಿಬಂದರು.

“ಏನಾಗಿಲ್ರಿ,” ಎಂದು ಅಕ್ಕ ನಗುತ್ತ ಹೇಳಿದರು. “ಒಣಗೈತಿ.”

ನಾನು ಹೌದೆಂದು ತಲೆಯಾಡಿಸಿದೆ. ಕಣ್ಣಿಂದ ಧಾರೆಯಾಗಿ ಇಳಿಯುತ್ತಿತ್ತು. ಆ ಬೆಳಿಗ್ಗೆ ಆ ಪೆಟ್ಟಿಗೆಯ ಹತ್ತಿರ ಇದ್ದ ನೀರು ಅದೊಂದೇ.